ಕ್ಯಾಂಪಸ್ಸಿನ ಮರಕ್ಕೆ ನೀರು ಹಾಕಿದವರು ಯಾರು?



ರಿಚರ್ಡ್‌ಸನ್‌ನ ಕ್ಯಾಂಪ್‌ಬೆಲ್ ರಸ್ತೆಯಲ್ಲಿ ಓಡಾಡುವ ನಮಗೆಲ್ಲ ಯುಟಿ ಡಾಲಸ್ ವಿಶ್ವವಿದ್ಯಾಲಯದ ಆವರಣ ಪರಿಚಿತ. ನಮ್ಮ ಮನೆಗಳಲ್ಲಿ ಕೆಲವರು ಅಲ್ಲಿ ಓದಿದವರು, ಕೆಲವರು ಮಕ್ಕಳನ್ನು ಅಲ್ಲಿ ಓದಿಸುತ್ತಿರುವವರು. ಸಾಲುಸಾಲು ಮ್ಯಾಗ್ನೋಲಿಯಾ ಮರಗಳು, ಅವುಗಳ ನಡುವೆ ಉದ್ದನೆಯ ನೀರಿನ ಕೊಳಗಳು, ಬಳ್ಳಿ ಹಬ್ಬಿದ ಚಪ್ಪರ. ಇವನ್ನು ನೋಡಿದವರಿಗೆ ಆ ಜಾಗ ಮೊದಲಿನಿಂದಲೂ ಹೀಗೇ ಇತ್ತೇನೋ ಅನ್ನಿಸುತ್ತದೆ. ಹಾಗೆ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಳಗೆ ಹೋದವರಿಗೂ ಅದು ಹಳೆಯ ಕಾಡಿನೊಳಗೆ ಕಟ್ಟಿದ ಕಾಲೇಜು ಎಂದೇ ತೋರುತ್ತದೆ. ಅದೂ ನಿಜವಲ್ಲ. ಎರಡೂ ಕಡೆ ಮೊದಲು ಇದ್ದದ್ದು ಬಯಲು. ಯಾರೋ ನೆಟ್ಟರು, ಯಾರೋ ನೀರು ಹಾಕಿದರು.

ಕಾಲೇಜಿನ ಆವರಣ ಪಾಠ ಕೇಳುವ ಜಾಗವಷ್ಟೇ ಅಲ್ಲ, ಪರಿಸರವನ್ನು ಉಳಿಸುವ ಕೆಲಸವನ್ನು ಮಾಡಿ ನೋಡುವ ಜಾಗವೂ ಹೌದು ಎಂಬ ಯೋಚನೆಗೆ ದೊಡ್ಡ ಚರಿತ್ರೆ ಇದೆ. ಅದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಈ ತಿಂಗಳ ಲೇಖನ ಆ ಚರಿತ್ರೆಯ ಬಗ್ಗೆ.

ಎರೆ ನೆಲದ ನೆಂಟಸ್ತಿಕೆ

ಮೊದಲು ನಮ್ಮ ಕಾಲಡಿಯ ಮಣ್ಣನ್ನು ನೋಡೋಣ. ಡಾಲಸ್ ಸುತ್ತಮುತ್ತಲಿನ ನೆಲ ಕಪ್ಪು ಜೇಡಿಯದು. ಮಳೆ ಬಂದರೆ ಹಿಗ್ಗಿ ಅಂಟಾಗುತ್ತದೆ, ಬೇಸಿಗೆಯಲ್ಲಿ ಬಿರಿದು ಬಾಯಿ ಬಿಡುತ್ತದೆ. ಮನೆಯ ಅಡಿಪಾಯ ಬಿರುಕು ಬಿಡದಿರಲೆಂದು ಬೇಸಿಗೆಯಲ್ಲಿ ಗೋಡೆಯ ಸುತ್ತ ನೀರು ಬಿಡುವವರು ನಮ್ಮಲ್ಲಿ ಎಷ್ಟು ಜನ! ಧಾರವಾಡ, ಗದಗ, ವಿಜಯಪುರದ ಕಡೆಯಿಂದ ಬಂದವರಿಗೆ ಈ ಮಣ್ಣು ಹೊಸದಲ್ಲ. ಅದು ಅವರ ಊರಿನ ಎರೆ ಮಣ್ಣಿನ ನೆಂಟ. ಅಲ್ಲಿಯಂತೆ ಇಲ್ಲಿಯೂ ಆ ಮಣ್ಣಿನಲ್ಲಿ ಹತ್ತಿ ಬೆಳೆಯುತ್ತಿದ್ದರು. ಹತ್ತಿಗೂ ಮೊದಲು ಇಲ್ಲಿ ಆಳುದ್ದ ಹುಲ್ಲು ಬೆಳೆಯುವ ಪ್ರೇರಿ ಇತ್ತು. ಆ ಕಪ್ಪು ನೆಲದ ಹುಲ್ಲುಗಾವಲಿನಲ್ಲಿ ಇಂದು ನೂರಕ್ಕೆ ಒಂದು ಪಾಲೂ ಉಳಿದಿಲ್ಲ.

1961ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಹಿರಿಯರಾದ ಯೂಜೀನ್ ಮೆಕ್‌ಡರ್ಮಟ್, ಎರಿಕ್ ಜಾನ್ಸನ್ ಮತ್ತು ಸೆಸಿಲ್ ಗ್ರೀನ್ ಒಂದು ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ಓದಿ ಮುಂದೆ ಬಂದ ಯುವಕರು ಕೆಲಸಕ್ಕಾಗಿ ಬೇರೆ ರಾಜ್ಯಗಳಿಗೆ ಹೋಗದೆ ಇಲ್ಲೇ ಉಳಿಯಲಿ ಎಂಬುದು ಅವರ ಆಸೆ. 1969ರಲ್ಲಿ ಆ ಕೇಂದ್ರ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಸೇರಿ ಯುಟಿ ಡಾಲಸ್ ಆಯಿತು. ಮುಂದಿನ ದಶಕಗಳಲ್ಲಿ ಅಲ್ಲಿ ಎದ್ದದ್ದು ಕಾಂಕ್ರೀಟ್ ಕಟ್ಟಡಗಳು ಮತ್ತು ವಾಹನ ನಿಲ್ಲಿಸುವ ಬಯಲುಗಳು. ವಿಜ್ಞಾನ ಬೆಳೆಯಿತು, ನೆರಳು ಬೆಳೆಯಲಿಲ್ಲ.

ಟಾಟಾ ಇನ್‌ಸ್ಟಿಟ್ಯೂಟಿನ ಬಯಲು

ಇದಕ್ಕೆ ಅರ್ಧ ಶತಮಾನ ಮೊದಲು ಬೆಂಗಳೂರಿನಲ್ಲಿ ಇಂಥದೇ ಒಂದು ಕತೆ ನಡೆದಿತ್ತು. ಭಾರತಕ್ಕೆ ಒಂದು ವಿಜ್ಞಾನ ಸಂಸ್ಥೆ ಬೇಕೆಂದು ಕನಸು ಕಂಡವರು ಜೆಮ್‌ಶೆಟ್‌ಜಿ ಟಾಟಾ. ಅವರು 1904ರಲ್ಲಿ ತೀರಿಕೊಂಡರು. ಆದರೂ ಕನಸು ನಿಲ್ಲಲಿಲ್ಲ. ಮೈಸೂರು ಸಂಸ್ಥಾನ ಸುಮಾರು 371 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಬೆಂಗಳೂರಿನ ಹಳಬರು ಇಂದಿಗೂ ಅದನ್ನು 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುತ್ತಾರೆ. ಆ ಕಾಲದ ಚಿತ್ರಗಳಲ್ಲಿ ಭವ್ಯವಾದ ಕಲ್ಲಿನ ಕಟ್ಟಡ ಕಾಣುತ್ತದೆ, ಅದರ ಸುತ್ತ ಕುರುಚಲು ಬಯಲು ಕಾಣುತ್ತದೆ. ಈಗಿನ ತಂಪು ನೆರಳೆಲ್ಲ ಆಮೇಲೆ ಬಂದದ್ದು. ಇಂದು ಆ ಆವರಣದಲ್ಲಿ ಕಾಡುಪಾಪ ಎಂಬ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿಯೂ ವಾಸವಾಗಿದೆ. ರಾತ್ರಿ ಹೊತ್ತು ಕೊಂಬೆಯಿಂದ ಕೊಂಬೆಗೆ ಮೆಲ್ಲಗೆ ನಡೆಯುವ ಇದಕ್ಕೆ ಮರಗಳು ಒಂದಕ್ಕೊಂದು ತಾಗಿಕೊಂಡು ಬೆಳೆದಿರಬೇಕು. ಮಹಾನಗರದ ನಡುವೆ ಕಾಡುಪಾಪ ಬದುಕಿದೆ ಎಂದರೆ ಅಲ್ಲಿ ಮರಗಳ ಸಾಲು ಕಡಿದುಹೋಗಿಲ್ಲ ಎಂದೇ ಅರ್ಥ.

ತರಗತಿಯಿಂದ ಹೊರಗೆ ಬಂದ ವರ್ಷ

1970 ಇಡೀ ಜಗತ್ತಿಗೆ ಒಂದು ತಿರುವು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ಗೇಲಾರ್ಡ್ ನೆಲ್ಸನ್ ಅವರಿಗೆ ಒಂದು ಯೋಚನೆ ಬಂತು. ವಿಯೆಟ್ನಾಂ ಯುದ್ಧದ ಬಗ್ಗೆ ಕಾಲೇಜುಗಳಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಒಟ್ಟಿಗೆ ಕೂತು ದಿನವಿಡೀ ಚರ್ಚೆ ನಡೆಸುತ್ತಿದ್ದರು. ಗಾಳಿ, ನೀರು, ಮಣ್ಣಿನ ಬಗ್ಗೆಯೂ ಹೀಗೆ ಏಕೆ ಮಾಡಬಾರದು? ಡೆನಿಸ್ ಹೇಸ್ ಎಂಬ ವಿದ್ಯಾರ್ಥಿ ಸಂಘಟನೆಯ ಹೊಣೆ ಹೊತ್ತರು. ವಿದ್ಯಾರ್ಥಿಗಳಿಗೆ ಪರೀಕ್ಷೆಯೂ ಇಲ್ಲದ, ರಜೆಯೂ ಇಲ್ಲದ ದಿನ ಬೇಕೆಂದು ಏಪ್ರಿಲ್ 22ನ್ನು ಆರಿಸಿದರು. ಅದೇ ಮೊದಲ ಭೂಮಿ ದಿನ. ಸುಮಾರು 2 ಕೋಟಿ ಜನ ಅದರಲ್ಲಿ ಪಾಲ್ಗೊಂಡರು. ಅದೇ ವರ್ಷ ಅಮೆರಿಕ ಸರ್ಕಾರ ಪರಿಸರ ರಕ್ಷಣೆಗೆಂದೇ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿತು.

ಶಾಲೆಯಲ್ಲಿ ನೀವು ಆಚರಿಸುವ ಭೂಮಿ ದಿನ ಹುಟ್ಟಿದ್ದು ಕಾಲೇಜು ಆವರಣಗಳಲ್ಲಿ ಎಂಬುದನ್ನು ನೆನಪಿಡಿ, ಮಕ್ಕಳೇ.

ಅಲ್ಲಿಗೆ ಚರ್ಚೆ ಆಯಿತು. ಆದರೆ ಚರ್ಚೆಯಿಂದ ಒಲೆ ಉರಿಯುವುದಿಲ್ಲ, ಕೊಡ ತುಂಬುವುದಿಲ್ಲ. ಆ ಕೆಲಸಕ್ಕೆ ಕೈ ಹಾಕಿದವರಲ್ಲಿ ಬೆಂಗಳೂರಿನವರು ಮೊದಲಿಗರು.

'ಅಸ್ತ್ರ' ಹಿಡಿದ ವಿಜ್ಞಾನಿಗಳು

ಅಮೂಲ್ಯ ಕೆ. ಎನ್. ರೆಡ್ಡಿ (1930–2006) ಬೆಂಗಳೂರಿನಲ್ಲಿ ಹುಟ್ಟಿದವರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು. ಅವರು ಜಾನ್ ಬಾಕ್ರಿಸ್ ಅವರೊಡನೆ ಬರೆದ ಪಠ್ಯಪುಸ್ತಕವನ್ನು ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಓದಿದರು. ಅದೇ ದಾರಿಯಲ್ಲಿ ಮುಂದೆ ಹೋಗಿದ್ದರೆ ಅವರಿಗೆ ಯಾವ ಕೊರತೆಯೂ ಇರುತ್ತಿರಲಿಲ್ಲ. ಆದರೆ ಒಂದು ಪ್ರಶ್ನೆ ಅವರನ್ನು ಬಿಡಲಿಲ್ಲ: ಇಷ್ಟು ದೊಡ್ಡ ವಿಜ್ಞಾನ ಸಂಸ್ಥೆಯಿಂದ ನೂರು ಕಿಲೋಮೀಟರ್ ದೂರದ ಹಳ್ಳಿಗೆ ಏನು ಸಿಕ್ಕಿದೆ?

1974ರಲ್ಲಿ, ಸತೀಶ್ ಧವನ್ ಅವರು ಸಂಸ್ಥೆಯ ನಿರ್ದೇಶಕರಾಗಿದ್ದಾಗ, ರೆಡ್ಡಿ ಮತ್ತು ಅವರ ಸಂಗಾತಿಗಳು ಒಂದು ಹೊಸ ವಿಭಾಗ ಕಟ್ಟಿದರು. ಹಳ್ಳಿಗಳಿಗೆ ಹೊಂದುವ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ರೂಪಿಸುವುದು ಅದರ ಕೆಲಸ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದರೆ 'ಅಸ್ತ್ರ' ಎಂದಾಗುತ್ತಿತ್ತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಊರಿನಲ್ಲಿ ಅವರ ವಿಸ್ತರಣಾ ಕೇಂದ್ರ ತೆರೆಯಿತು.

ಅವರು ಮೊದಲು ಮಾಡಿದ್ದು ಯಂತ್ರ ತಯಾರಿಸುವ ಕೆಲಸವಲ್ಲ, ಲೆಕ್ಕ ಹಾಕುವ ಕೆಲಸ. ಒಂದು ಹಳ್ಳಿ ದಿನಕ್ಕೆ ಎಷ್ಟು ಶಕ್ತಿ ಬಳಸುತ್ತದೆ? ಅದು ಎಲ್ಲಿಂದ ಬರುತ್ತದೆ? ಮನೆಮನೆಗೆ ಹೋಗಿ ಕೇಳಿದರು. ಹಳ್ಳಿಯ ಶಕ್ತಿಯ ಬಹುಪಾಲು ಬರುತ್ತಿದ್ದುದು ಕರೆಂಟಿನಿಂದಲ್ಲ, ಸೀಮೆಎಣ್ಣೆಯಿಂದಲೂ ಅಲ್ಲ, ಸೌದೆಯಿಂದ. ಆ ಸೌದೆ ಬರುತ್ತಿದ್ದುದು ಹೆಂಗಸರ, ಮಕ್ಕಳ ತಲೆಯ ಮೇಲೆ. ಅವರ ದಿನದ ಎಷ್ಟೋ ಗಂಟೆ ಸೌದೆ ತರುವುದರಲ್ಲಿ, ನೀರು ಹೊರುವುದರಲ್ಲಿ, ಅಡುಗೆ ಮಾಡುವುದರಲ್ಲಿ ಕಳೆದುಹೋಗುತ್ತಿತ್ತು. ಹಳೆಯ ಮಣ್ಣಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಭಾಗ ಮಾತ್ರ ಪಾತ್ರೆಗೆ ತಲುಪುತ್ತಿತ್ತು. ಉಳಿದದ್ದು ಗಾಳಿಗೆ, ಹೊಗೆ ಅಮ್ಮನ ಕಣ್ಣಿಗೆ.

ಇಲ್ಲಿಂದ ಹುಟ್ಟಿದ್ದು 'ಅಸ್ತ್ರ ಒಲೆ'. ಮೂರು ಪಾತ್ರೆ ಇಡಬಹುದಾದ, ಹೊಗೆ ಕೊಳವೆ ಇರುವ, ಮಣ್ಣಿನಿಂದಲೇ ಕಟ್ಟುವ ಒಲೆ. ಗಾಳಿ ಎಷ್ಟು ಒಳಗೆ ಹೋಗಬೇಕು, ಬಿಸಿ ಹೊಗೆ ಯಾವ ದಾರಿಯಲ್ಲಿ ಸಾಗಬೇಕು ಎಂದು ಅಳೆದು ಮಾಡಿದ ಒಲೆ. ಪ್ರಯೋಗಶಾಲೆಯಲ್ಲಿ ಅದರ ದಕ್ಷತೆ ನೂರಕ್ಕೆ 40ನ್ನು ದಾಟಿತು. ಕರ್ನಾಟಕದಲ್ಲಿ ಲಕ್ಷಗಟ್ಟಲೆ ಮನೆಗಳಲ್ಲಿ ಈ ಒಲೆ ಕಟ್ಟಿಸಲಾಯಿತು. ಮಕ್ಕಳೇ, ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನು ಕೇಳಿ ನೋಡಿ. "ಹ್ಞೂಂ, ನಮ್ಮನೇಲೂ ಅಸ್ತ್ರ ಒಲೆ ಇತ್ತು" ಎಂದಾರು.

ಅದೇ ಗುಂಪಿನಲ್ಲಿ ಕೆ. ಎಸ್. ಜಗದೀಶ್ ಮತ್ತಿತರರು ಮನೆ ಕಟ್ಟುವ ಸಾಮಗ್ರಿಯತ್ತ ಗಮನ ಹರಿಸಿದರು. ಸಾಮಾನ್ಯ ಇಟ್ಟಿಗೆ ಸುಡಲು ಸೌದೆಯೋ ಕಲ್ಲಿದ್ದಲೋ ಬೇಕು. ಅವರು ಸ್ಥಳೀಯ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಮಾಡಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆ ತಯಾರಿಸಿದರು. ಇಂದು ಬೆಂಗಳೂರಿನಲ್ಲಿ ಕಾಣುವ ಗಾರೆ ಮೆತ್ತದ ಮಣ್ಣುಬಣ್ಣದ ಮನೆಗಳಲ್ಲಿ ಹಲವು ಈ ವಿದ್ಯೆಯ ಫಲ.

ಪುರ ಎಂಬ ಹಳ್ಳಿ ಕಲಿಸಿದ ಪಾಠ

ಈ ಚರಿತ್ರೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಒಂದು ಸೋಲು. ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಪುಟ್ಟ ಹಳ್ಳಿ. ಜನಸಂಖ್ಯೆ ಐನೂರರ ಆಸುಪಾಸು. ದನಗಳ ಸಗಣಿಯಿಂದ ಗೋಬರ್ ಗ್ಯಾಸ್ ತಯಾರಿಸಿ ಇಡೀ ಊರಿಗೆ ಅಡುಗೆ ಅನಿಲ ಕೊಡೋಣ ಎಂದು ವಿಜ್ಞಾನಿಗಳು ಯೋಜನೆ ಹಾಕಿದರು. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಎಲ್ಲ ಮನೆಗಳ ಅಡುಗೆಗೆ ಆಗುವಷ್ಟು ಅನಿಲ ಬರಲಿಲ್ಲ. ಊರವರಿಗೂ ಅದರಲ್ಲಿ ಅಷ್ಟು ಆಸಕ್ತಿ ಹುಟ್ಟಲಿಲ್ಲ. ಸೌದೆ ಹೇಗೋ ದುಡ್ಡಿಲ್ಲದೆ ಸಿಗುತ್ತಿತ್ತು. ಯೋಜನೆ ಕುಂಟಿತು.

ಆಗ ವಿಜ್ಞಾನಿಗಳು ಊರವರ ಮಾತಿಗೆ ಕಿವಿಗೊಟ್ಟರು. ಊರವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. ಸರಿ, ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ಕೊಳವೆ ಬಾವಿಯ ನೀರೆತ್ತಿದರೆ ಹೇಗೆ? 1987ರಲ್ಲಿ ಅಲ್ಲಿ ಗೋಬರ್ ಗ್ಯಾಸ್‌ನಿಂದ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಅನಿಲದ ಜೊತೆಗೆ ಸ್ವಲ್ಪ ಡೀಸೆಲ್ ಬಳಸುವ 5 ಕಿಲೋವ್ಯಾಟಿನ ಸಣ್ಣ ಎಂಜಿನ್. ಮನೆಗಳಿಗೆ ದೀಪ ಬಂತು, ನಲ್ಲಿಯಲ್ಲಿ ನೀರು ಬಂತು.

ವ್ಯವಸ್ಥೆ ನಡೆದ ರೀತಿ ಇನ್ನೂ ಚೆಂದ. ಮನೆಯವರು, ಅದರಲ್ಲೂ ಹೆಂಗಸರು ಮತ್ತು ಮಕ್ಕಳು, ಬೆಳಿಗ್ಗೆ ಸಗಣಿ ತಂದು ಘಟಕದ ಬಳಿ ತೂಗಿಸುತ್ತಿದ್ದರು. ತೂಕಕ್ಕೆ ತಕ್ಕಂತೆ ಸ್ವಲ್ಪ ಹಣ ಸಿಗುತ್ತಿತ್ತು. ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡವನ್ನು ಅವರವರ ಪಾಲಿಗೆ ತಕ್ಕಂತೆ ಗೊಬ್ಬರವಾಗಿ ವಾಪಸು ಒಯ್ಯುತ್ತಿದ್ದರು. ಘಟಕ ನಡೆಸುತ್ತಿದ್ದವರು ಅದೇ ಊರಿನ ಹುಡುಗರು. ನಿರ್ಧಾರ ತೆಗೆದುಕೊಳ್ಳುತ್ತಿದ್ದದ್ದು ಊರಿನದೇ ಸಭೆ. ಊರಿನಲ್ಲಿ ಸಾಕಷ್ಟು ಮನೆಯವರು ಸಗಣಿ ಕೊಡುವುದನ್ನು ನಿಲ್ಲಿಸಿದರೆ ಸಂಜೆ ಎಲ್ಲರ ಮನೆಯೂ ಕತ್ತಲು. ಹಾಗಾಗಿ ನನ್ನ ಲಾಭ ಬೇರೆ, ಊರಿನ ಲಾಭ ಬೇರೆ ಎಂದು ಯಾರೂ ಹೇಳುವಂತಿರಲಿಲ್ಲ. ಎಲ್ಲರ ಸೊತ್ತು ಯಾರ ಸೊತ್ತೂ ಅಲ್ಲ, ಅದು ಹಾಳಾಗಿಯೇ ಹೋಗುತ್ತದೆ ಎಂದು ವಾದಿಸುವ ಪಂಡಿತರಿಗೆ ಪುರ ಹಲವು ವರ್ಷ ಕೆಲಸ ಮಾಡಿ ಉತ್ತರ ಕೊಟ್ಟಿತು.

2000ದಲ್ಲಿ ರೆಡ್ಡಿ ಅವರಿಗೆ ಮೂವರು ಸಹ ಸಂಶೋಧಕರೊಂದಿಗೆ ವೋಲ್ವೊ ಪರಿಸರ ಪ್ರಶಸ್ತಿ ಬಂತು. 'ಅಸ್ತ್ರ' ಇಂದು 'ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ' ಎಂಬ ಹೆಸರಿನಲ್ಲಿ ಅದೇ ಆವರಣದಲ್ಲಿ ಮುಂದುವರಿದಿದೆ.

ಮರ, ಮಳೆ ಮತ್ತು ವಿದ್ಯಾರ್ಥಿಗಳ ಪ್ರಾಜೆಕ್ಟು

ಅದೇ ಆವರಣದಲ್ಲಿ ಇನ್ನೂ ಎರಡು ಬೀಜ ಬಿದ್ದವು. 1975ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅಲ್ಲಿ ನೆಲೆಯಾಯಿತು. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಮಾಡುವ ಪ್ರಾಜೆಕ್ಟುಗಳಿಗೆ ಈ ಮಂಡಳಿ 1970ರ ದಶಕದ ಕೊನೆಯಿಂದ ಧನಸಹಾಯ ನೀಡುತ್ತ ಬಂದಿದೆ. ಅಂಕ ಸಿಕ್ಕಿದ ಮೇಲೆ ಕಪಾಟಿಗೆ ಸೇರುವ ಪ್ರಾಜೆಕ್ಟಿನ ಬದಲು ಜನರಿಗೆ ಉಪಯೋಗವಾಗುವ ಪ್ರಾಜೆಕ್ಟು ಮಾಡಿ ಎನ್ನುವುದು ಅದರ ಆಶಯ.

1983ರಲ್ಲಿ ಮಾಧವ ಗಾಡ್ಗೀಳ್ ಅವರ ನೇತೃತ್ವದಲ್ಲಿ ಪರಿಸರ ವಿಜ್ಞಾನ ಕೇಂದ್ರ ಆರಂಭವಾಯಿತು. ಪಶ್ಚಿಮ ಘಟ್ಟದ ಗಿಡಗಳನ್ನು ತಂದು ಆವರಣದ ಒಂದು ಮೂಲೆಯಲ್ಲಿ ನೆಟ್ಟರು. ಬೆಂಗಳೂರಿನ ಒಣ ಹವೆಯಲ್ಲಿ ಮಲೆನಾಡಿನ ಗಿಡ ಬದುಕೀತೇ ಎಂದು ಕೇಳಿದವರಿಗೆ ಈಗ ಅಲ್ಲಿರುವ ಕಿರುಗಾಡೇ ಉತ್ತರ. ನೆರಳಿನ ಅಡಿಯಲ್ಲಿ ನೆಲ ತಂಪಾಯಿತು, ಎಲೆ ಉದುರಿ ಮಣ್ಣು ಮೆತ್ತಗಾಯಿತು, ಮಳೆ ನೀರು ಇಂಗಿತು.

ಮಳೆಯ ಮಾತು ಬಂದ ಮೇಲೆ ಎ. ಆರ್. ಶಿವಕುಮಾರ್ ಅವರನ್ನು ಬಿಡುವಂತಿಲ್ಲ. ಅದೇ ಮಂಡಳಿಯ ವಿಜ್ಞಾನಿಯಾದ ಅವರು 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ತಮ್ಮ ಮನೆಗೆ ನಗರದ ನೀರಿನ ಸಂಪರ್ಕವನ್ನೇ ಪಡೆಯದೆ ಮಳೆ ನೀರಿನಲ್ಲಿ ಸಂಸಾರ ನಡೆಸಿ ತೋರಿಸಿದರು. 2009ರಲ್ಲಿ ಬೆಂಗಳೂರಿನಲ್ಲಿ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಿಗೆ ಮಳೆ ನೀರು ಸಂಗ್ರಹ ಕಡ್ಡಾಯವಾಯಿತು.

ಮಕ್ಕಳೇ, ಇಲ್ಲೊಂದು ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಬೆಂಗಳೂರಿಗೂ ಡಾಲಸ್‌ಗೂ ವರ್ಷಕ್ಕೆ ಸರಾಸರಿ 900ರಿಂದ 1,000 ಮಿಲಿಮೀಟರ್ ನಡುವೆ ಮಳೆ ಬೀಳುತ್ತದೆ. ಈ ವಿಷಯದಲ್ಲಿ ಎರಡೂ ಊರು ಅಣ್ಣತಮ್ಮಂದಿರು! ನಿಮ್ಮ ಮನೆಯ ಚಾವಣಿ 2,000 ಚದರ ಅಡಿ ಇದ್ದರೆ ಅದು ಸುಮಾರು 186 ಚದರ ಮೀಟರ್. 940 ಮಿಲಿಮೀಟರ್ ಮಳೆಗೆ ಗುಣಿಸಿದರೆ ವರ್ಷಕ್ಕೆ ಸುಮಾರು 1,75,000 ಲೀಟರ್. ಅಷ್ಟೂ ನೀರು ಈಗ ಎಲ್ಲಿಗೆ ಹೋಗುತ್ತಿದೆ?

ಕೈ ಬಿಟ್ಟರೆ ಏನಾಗುತ್ತದೆ

ಕತೆಯೆಲ್ಲ ಗೆಲುವಿನದೇ ಆಗಿದ್ದರೆ ಬರೆಯುವುದು ಸುಲಭವಿತ್ತು. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನೇ ನೋಡಿ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಊರಿನಾಚೆಯ ಜಮೀನುಗಳಿಗೆ ನೀರುಣಿಸಲು ಕಟ್ಟಿದ ಕೆರೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯಕ್ಕೆ ಅದು ಒಡನಾಡಿಯಾಯಿತು. ಕುವೆಂಪು ಅವರು ಅದರ ಏರಿಯ ಮೇಲೆ ನಡೆದಾಡುತ್ತಿದ್ದರು. ಪಕ್ಕದ ಆವರಣಕ್ಕೆ 'ಮಾನಸಗಂಗೋತ್ರಿ' ಎಂದು ಹೆಸರಿಟ್ಟವರೂ ಅವರೇ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳಿಗೆ ಅದು ತವರು.

ಆದರೆ ನಗರ ಬೆಳೆದಂತೆ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಬಡಾವಣೆಗಳ ನಡುವೆ ಸಿಕ್ಕಿ ಸೊರಗಿತು. ಒಳ್ಳೆಯ ನೀರಿನ ದಾರಿ ಮುಚ್ಚಿತು, ಚರಂಡಿ ನೀರಿನ ದಾರಿ ತೆರೆಯಿತು. ಕೆರೆ ಉಳಿಸಲು ಮೈಸೂರಿನ ನಾಗರಿಕರೂ ವಿಶ್ವವಿದ್ಯಾಲಯದವರೂ ಮತ್ತೆ ಮತ್ತೆ ಹೋರಾಡಬೇಕಾಯಿತು. ಕೆರೆಯ ಏರಿ ಕ್ಯಾಂಪಸ್ಸಿನ ಪಕ್ಕದಲ್ಲಿದ್ದರೂ ಅದರ ಜೀವ ಇರುವುದು ಮೈಲು ದೂರದ ಕಾಲುವೆಯಲ್ಲಿ. ಬೇಲಿಯೊಳಗಿನದನ್ನು ಮಾತ್ರ ಕಾಪಾಡಿದರೆ ಬೇಲಿಯೊಳಗಿನದೂ ಉಳಿಯುವುದಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯದು ಇನ್ನೊಂದು ಬಗೆಯ ಪಾಠ. ಸಾವಿರ ಎಕರೆಗೂ ಹೆಚ್ಚಿನ ಆ ವಿಶಾಲ ಆವರಣದಲ್ಲಿ ನಿವೃತ್ತ ಅರಣ್ಯಾಧಿಕಾರಿ ಎ. ಎನ್. ಯಲ್ಲಪ್ಪ ರೆಡ್ಡಿ ಅವರ ಮಾರ್ಗದರ್ಶನದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಜೈವಿಕ ಉದ್ಯಾನ ಬೆಳೆಸಿದರು. ಔಷಧಿ ಗಿಡಗಳು, ಕಾಡು ಮರಗಳು ನೆಲೆಯೂರಿದವು. ಆದರೆ ಖಾಲಿ ಜಾಗ ಕಂಡರೆ ನಗರಕ್ಕೆ ಕಣ್ಣು. ಬೇರೆ ಬೇರೆ ಸಂಸ್ಥೆಗಳಿಗೆ ಅಲ್ಲಿ ಜಮೀನು ಕೊಡುತ್ತ ಬಂದಾಗ, ರಸ್ತೆಗಾಗಿ ಮರ ಕಡಿಯುವ ಮಾತು ಬಂದಾಗ, ಮರ ನೆಟ್ಟವರೇ ಮರದ ಪರವಾಗಿ ನಿಲ್ಲಬೇಕಾಯಿತು. ನೆಡುವುದು ಒಂದು ದಿನದ ಕೆಲಸ, ಕಾಯುವುದು ತಲೆಮಾರಿನ ಕೆಲಸ.

ಟೆಕ್ಸಸ್‌ನ ಮೂರು ದಾರಿ

ಈಗ ನಮ್ಮ ಊರಿಗೆ ಮರಳೋಣ. ಯುಟಿ ಡಾಲಸ್‌ನ ಬೋಳು ಆವರಣ ಬದಲಾದದ್ದು 2008ರಿಂದ 2010ರ ಹೊತ್ತಿಗೆ. ಸ್ಥಾಪಕರಲ್ಲೊಬ್ಬರಾದ ಯೂಜೀನ್ ಅವರ ಪತ್ನಿ ಮಾರ್ಗರೆಟ್ ಮೆಕ್‌ಡರ್ಮಟ್ ಅದಕ್ಕೆ ಹಣ ಕೊಟ್ಟರು. ನ್ಯೂಯಾರ್ಕಿನ ಸೆಪ್ಟೆಂಬರ್ 11ರ ಸ್ಮಾರಕದ ಭೂದೃಶ್ಯ ರೂಪಿಸಿದ ಪೀಟರ್ ವಾಕರ್ ನಕ್ಷೆ ಮಾಡಿದರು. ಸಾವಿರಾರು ಮರ ನೆಟ್ಟರು, ಆವರಣದೊಳಗೆ ಹರಿಯುವ ಕಾಟನ್‌ವುಡ್ ತೊರೆಯ ದಂಡೆಗಳನ್ನು ಸರಿಪಡಿಸಿದರು. ಆಗಲೇ ನೂರರ ಹತ್ತಿರವಿದ್ದ ಮಾರ್ಗರೆಟ್ ಅಜ್ಜಿ ತಮ್ಮ ನೆರಳಿಗೆಂದು ಅದನ್ನು ಮಾಡಿಸಲಿಲ್ಲ. 2018ರಲ್ಲಿ, 106ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ನೆರಳು ನಮ್ಮ ಮಕ್ಕಳಿಗೆ ಸಿಕ್ಕಿತು.

ಅದೇ 2010ರಲ್ಲಿ ಪೂರ್ಣಗೊಂಡ ವಿದ್ಯಾರ್ಥಿ ಸೇವಾ ಕಟ್ಟಡಕ್ಕೆ ಹಸಿರು ಕಟ್ಟಡಗಳಿಗೆ ಕೊಡುವ 'ಲೀಡ್ ಪ್ಲಾಟಿನಂ' ಮಾನ್ಯತೆ ದೊರೆಯಿತು. ಟೆಕ್ಸಸ್‌ನ ಶೈಕ್ಷಣಿಕ ಕಟ್ಟಡಗಳಲ್ಲಿ ಆ ಮಟ್ಟ ತಲುಪಿದ್ದು ಅದೇ ಮೊದಲು. ಅದರ ಹೊರಗೋಡೆಗೆ ಸುಟ್ಟ ಮಣ್ಣಿನ ಪಟ್ಟಿಗಳಿಂದ ಮಾಡಿದ ಮರೆ ಇದೆ. ಬಿಸಿಲು ಗಾಜಿಗೆ ನೇರವಾಗಿ ಬಡಿಯುವುದಿಲ್ಲ, ಬೆಳಕು ಮಾತ್ರ ಒಳಗೆ ಬರುತ್ತದೆ. ನಮ್ಮ ಊರ ಹಳೆಯ ಮನೆಗಳ ಜಗಲಿಯೂ ಬಿದಿರಿನ ತಟ್ಟಿಯೂ ಮಾಡುತ್ತಿದ್ದುದು ಇದನ್ನೇ.

ಆಸ್ಟಿನ್‌ನಲ್ಲಿ ದಾರಿ ಬೇರೆ. ಅಲ್ಲಿ ದೊಡ್ಡ ದಾನಿಗೆ ಕಾಯದೆ, ವಿದ್ಯಾರ್ಥಿಗಳೇ 2010ರಲ್ಲಿ ಮತ ಹಾಕಿ ತಮ್ಮ ಮೇಲೆ ತಾವೇ ಒಂದು ಶುಲ್ಕ ಹಾಕಿಕೊಂಡರು. ಸೆಮಿಸ್ಟರಿಗೆ 5 ಡಾಲರಿನ 'ಹಸಿರು ಶುಲ್ಕ'. ಆ ಹಣದಿಂದ ವಿದ್ಯಾರ್ಥಿಗಳ ಪರಿಸರ ಯೋಜನೆಗಳು ನಡೆದವು. ವಿದ್ಯಾರ್ಥಿಗಳೇ ನಡೆಸುವ ಪುಟ್ಟ ತೋಟವೂ ಅವುಗಳಲ್ಲಿ ಒಂದು. ಅದೇ ವಿಶ್ವವಿದ್ಯಾಲಯ ಹವಾನಿಯಂತ್ರಣ ಯಂತ್ರಗಳಿಂದ ತೊಟ್ಟಿಕ್ಕುವ ನೀರನ್ನೂ ಹಿಡಿದು ಮತ್ತೆ ಬಳಸುತ್ತದೆ. ಅಧ್ಯಕ್ಷ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಜಾನ್ಸನ್ 1982ರಲ್ಲಿ ಆರಂಭಿಸಿದ ಕಾಡುಹೂಗಳ ಕೇಂದ್ರವೂ 2006ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಸೇರಿತು. ಈ ನೆಲದಲ್ಲಿ ಹುಟ್ಟಿದ ಗಿಡಕ್ಕೆ ಈ ನೆಲದ ಬಿಸಿಲು ಗೊತ್ತು, ಅದಕ್ಕೆ ನೀರು ಕಡಿಮೆ ಸಾಕು ಎಂಬುದು ಆ ಕೇಂದ್ರದ ಪಾಠ.

ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯ ತೆರೆದದ್ದು 1912ರಲ್ಲಿ. ಅದೂ ಬಯಲಿನಲ್ಲೇ. ಮೊದಲ ದಿನಗಳಿಂದ ನೆಟ್ಟ ಓಕ್ ಮರಗಳು ಇಂದು ದಾರಿಗೆಲ್ಲ ಕಮಾನು ಕಟ್ಟಿವೆ. 1999ರಲ್ಲಿ ಇಡೀ ಆವರಣವನ್ನೇ ವೃಕ್ಷೋದ್ಯಾನವೆಂದು ಹೆಸರಿಸಿದರು. 2017ರಲ್ಲಿ ಹಾರ್ವಿ ಚಂಡಮಾರುತದ ಮಳೆ ಕಂಡ ಹ್ಯೂಸ್ಟನ್ನಿಗರಿಗೆ, ನೀರು ಇಂಗುವ ಮಣ್ಣಿನ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ನಮಗೇನು?

2011ರ ಬರಗಾಲ ನೆನಪಿದೆಯೇ? ಟೆಕ್ಸಸ್‌ನ ದಾಖಲೆಯಲ್ಲಿ ಒಂದೇ ವರ್ಷದ ಬರಗಳಲ್ಲಿ ಅದರಷ್ಟು ಕಠಿಣವಾದದ್ದು ಇನ್ನೊಂದಿಲ್ಲ. 2021ರ ಫೆಬ್ರವರಿಯ ಹಿಮದಲ್ಲಿ ಕರೆಂಟೂ ಇಲ್ಲದೆ ನೀರೂ ಇಲ್ಲದೆ ಕಳೆದ ರಾತ್ರಿಗಳನ್ನಂತೂ ಯಾರೂ ಮರೆತಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಅಪ್ಪ ಅಮ್ಮಂದಿರು ಟ್ಯಾಂಕರ್ ನೀರಿಗೆ ಕಾದದ್ದೂ ಹಾಗೆಯೇ. ನೀರು, ಕರೆಂಟು, ನೆರಳು ಇನ್ನು ಪಠ್ಯಪುಸ್ತಕದ ವಿಷಯಗಳಾಗಿ ಉಳಿದಿಲ್ಲ.

ಕಾಲೇಜಿನ ಪರಿಸರ ಯೋಜನೆಗಳಿಗೆ ಒಂದು ಹುಟ್ಟು ದೌರ್ಬಲ್ಯ ಇದೆ. ಉತ್ಸಾಹದಿಂದ ಆರಂಭಿಸಿದ ವಿದ್ಯಾರ್ಥಿ ನಾಲ್ಕು ವರ್ಷಕ್ಕೆ ಪದವಿ ಪಡೆದು ಹೊರಡುತ್ತಾನೆ. ಫೋಟೊ ಉಳಿಯುತ್ತದೆ, ಗಿಡ ಒಣಗುತ್ತದೆ. ಮೇಲಿನ ಕತೆಗಳಲ್ಲಿ ಉಳಿದುಕೊಂಡದ್ದನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. 'ಅಸ್ತ್ರ' ಉಳಿದದ್ದು ಅದು ಸಂಸ್ಥೆಯ ಒಂದು ವಿಭಾಗವಾಗಿ ಬೇರು ಬಿಟ್ಟಿದ್ದರಿಂದ. ಆಸ್ಟಿನ್‌ನ ಯೋಜನೆಗೆ ಬಲ ಬಂದದ್ದು ವಿದ್ಯಾರ್ಥಿಗಳೇ ಮತ ಹಾಕಿ ಅದರ ಖರ್ಚಿನ ಹೊಣೆ ಹೊತ್ತದ್ದರಿಂದ. ಪುರದಲ್ಲಿ ದೀಪ ಉರಿದದ್ದು ಊರವರಿಗೆ ಬೇಕಾದದ್ದನ್ನು ಊರವರೇ ನಡೆಸಿದ್ದರಿಂದ.

ಪೋಷಕರೇ, ಇನ್ನು ಕೆಲವೇ ವರ್ಷಗಳಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಕಾಲೇಜುಗಳನ್ನು ನೋಡಲು ಹೋಗುತ್ತೇವೆ. ರ‍್ಯಾಂಕ್ ಎಷ್ಟು, ಫೀಸು ಎಷ್ಟು, ಕೆಲಸ ಸಿಗುತ್ತದೆಯೇ ಎಂದು ಕೇಳುತ್ತೇವೆ. ಕೇಳಲೇಬೇಕು. ಜೊತೆಗೆ ಇದನ್ನೂ ಕೇಳೋಣ: ಇಲ್ಲಿನ ಮಳೆ ನೀರು ಎಲ್ಲಿಗೆ ಹೋಗುತ್ತದೆ? ಊಟದ ಮನೆಯಲ್ಲಿ ಉಳಿದ ಅನ್ನ ಏನಾಗುತ್ತದೆ? ಕಳೆದ ವರ್ಷ ನೆಟ್ಟ ಗಿಡಕ್ಕೆ ಈ ವರ್ಷ ನೀರು ಹಾಕುವವರು ಯಾರು? ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಆ ಕಾಲೇಜಿನಲ್ಲಿ ಕೆಲಸ ನಿಜವಾಗಿ ನಡೆಯುತ್ತಿದೆ ಎಂದು ತಿಳಿಯಬಹುದು.

ಮಕ್ಕಳಿಗೆ ಈ ತಿಂಗಳ ಚಟುವಟಿಕೆ

1. ನಿಮ್ಮ ಮನೆಯ ಚಾವಣಿಯ ಅಳತೆ ಕೇಳಿ ತಿಳಿದು, ವರ್ಷಕ್ಕೆ ಎಷ್ಟು ಲೀಟರ್ ಮಳೆ ನೀರು ಸಿಗಬಹುದು ಎಂದು ಲೆಕ್ಕ ಮಾಡಿ.
2. ಊರಿನಲ್ಲಿರುವ ಅಜ್ಜಿ ಅಥವಾ ತಾತನಿಗೆ ಫೋನ್ ಮಾಡಿ, ಅವರು ಚಿಕ್ಕವರಿದ್ದಾಗ ನೀರು ಮತ್ತು ಸೌದೆ ಎಲ್ಲಿಂದ ತರುತ್ತಿದ್ದರು ಎಂದು ಕನ್ನಡದಲ್ಲಿ ಕೇಳಿ. ಐದು ವಾಕ್ಯ ಬರೆದು ತರಗತಿಗೆ ತನ್ನಿ.
3. ನಿಮ್ಮ ಶಾಲೆಯಲ್ಲಿ ಒಂದು ಮರವನ್ನು ಆರಿಸಿಕೊಳ್ಳಿ. ಅದರ ಹೆಸರು ತಿಳಿಯಿರಿ. ಅದನ್ನು ನೆಟ್ಟವರು ಯಾರು ಎಂದು ಟೀಚರ್ ಅವರನ್ನು ಕೇಳಿ.

ಹೊಸ ಪದಗಳು

ಎರೆ ಮಣ್ಣು: ಹತ್ತಿ, ಜೋಳ ಚೆನ್ನಾಗಿ ಬೆಳೆಯುವ ಕಪ್ಪು ಮಣ್ಣು.
ಏರಿ: ಕೆರೆಯ ನೀರನ್ನು ತಡೆಯಲು ಕಟ್ಟಿದ ದಪ್ಪನೆಯ ಮಣ್ಣಿನ ಗೋಡೆ.
ಇಂಗು: ನೀರು ನಿಧಾನವಾಗಿ ಮಣ್ಣಿನೊಳಗೆ ಇಳಿಯುವುದು.
ಬಗ್ಗಡ: ಮಣ್ಣು, ಸಗಣಿ ಮುಂತಾದವು ಕಲಸಿದ ರಾಡಿ ನೀರು.
ಹೆಜ್ಜಾರ್ಲೆ: ಕೊಕ್ಕಿನ ಕೆಳಗೆ ಚೀಲವಿರುವ ದೊಡ್ಡ ನೀರುಹಕ್ಕಿ.